ಎರಡು ಎಕರೆ ಮೂವತ್ತು ಗುಂಟೆ

ಒಂದೇ ಕೆಲಸವನ್ನು ಎರಡು ಸಲ ಮಾಡುವುದೆಂದರೆ ನನಗೆ ಮೈಯುರಿ. ಶಹಾಪುರದ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಸಂಘಗಳಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಿದ್ದ ಕಾಲದಲ್ಲಿ ಈ ಸೋಮಾರಿತನವನ್ನೇ ಜಾಣತನ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಪ್ರತಿ ಪ್ರೋಗ್ರಾಂಗೂ ಮೊದಲು ಕ್ಲಾಸ್ ಬರೆಯಬೇಕು. ಯಾವ ಕಾಲಮ್ಮಿನಲ್ಲಿ ಹೆಸರು, ಯಾವುದರಲ್ಲಿ ತಾರೀಕು, ಯಾವುದರಲ್ಲಿ ಸಂಖ್ಯೆ ಬರುತ್ತದೆ ಎಂದು ಕಂಪ್ಯೂಟರಿಗೆ ಮುಂಚೆಯೇ ಹೇಳಿಡುವ ಕಟ್ಟಳೆ ಅದು. ನಲವತ್ತು ಕಾಲಮ್ಮಿದ್ದರೆ ನಲವತ್ತು ಸಾಲು ಕುಟ್ಟಬೇಕು. ಬೇಸತ್ತು ನಾನೊಂದು ಉಪಾಯ ಹೂಡಿದೆ: ಮಾಹಿತಿಯ ನಾಲ್ಕು ನಮೂನೆ ತೋರಿಸಿದರೆ ತಾನೇ ನೋಡಿ, ತಾನೇ ಊಹಿಸಿ ಕ್ಲಾಸ್ ಬರೆಯುವ ಪ್ರೋಗ್ರಾಂ. ನಮ್ಮ ಓಣಿಯ ದರ್ಜಿ ಅಳತೆಗೆಂದು ಹಳೆಯ ಅಂಗಿ ತರಿಸಿಕೊಂಡು ಹೊಸದು ಹೊಲಿಯುತ್ತಿದ್ದನಲ್ಲ, ಹಾಗೆ. ಅದು ಮೊದಲ ಸಲ ಕೆಲಸ ಮಾಡಿದ ದಿನ ಪಕ್ಕದ ಅಂಗಡಿಯವರಿಗೆಲ್ಲ ಚಹಾ ಕುಡಿಸಿದ್ದೆ.

ಆ ವರ್ಷ ಕೆಂಭಾವಿ ಕಡೆಯ ಒಂದು ಊರಿನ ನೀರಿನ ಸಂಘದ ಕಾರ್ಯದರ್ಶಿ ಬಂದರು. ನಿವೃತ್ತ ಮಾಸ್ತರರು, ಸಾವಧಾನದ ಮನುಷ್ಯ. ಕಾಲುವೆಯ ತೂಬಿನಿಂದ ವಾರಕ್ಕೊಮ್ಮೆ ಸರದಿಯ ಪ್ರಕಾರ ಹೊಲಗಳಿಗೆ ನೀರು ಬಿಡಬೇಕು; ಎಕರೆಗೆ ಒಂದು ತಾಸು. ಯಾರಿಗೆ ಎಷ್ಟು ಹೊತ್ತು ಎಂಬ ಪಟ್ಟಿ ಬೇಕಿತ್ತು. ರೈತರ ವಿವರವನ್ನು ಯಾರೋ ಆಗಲೇ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ನಾನು ಮೊದಲ ನಾಲ್ವರು ರೈತರನ್ನು ನಮೂನೆಯಾಗಿ ತೋರಿಸಿದೆ, ಕ್ಲಾಸ್ ತಯಾರಾಯಿತು, ಚಹಾ ಆರುವುದರೊಳಗೆ ಪಟ್ಟಿಯೂ ಹೊರಬಂತು.

"ಇಷ್ಟ ಲಗೂನ ಆತೇನ್ರಿ?" ಎಂದರು ಮಾಸ್ತರರು.

"ನನ್ನ ಕೈಯಾಗ ಏನೂ ಇಲ್ರಿ. ಎಲ್ಲಾ ಅದೇ ನೋಡಿ ತಿಳ್ಕೊಂತದ," ಎಂದು ಬೀಗಿದೆ.

ಮೂರನೆಯ ವಾರ ಮಾಸ್ತರರು ಮತ್ತೆ ಬಂದರು. ಜೊತೆಗೆ ಅರವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಆಕೆಯ ಹೊಲ ಕಾಲುವೆಯ ಕಟ್ಟಕಡೆಯದು, ಹತ್ತಿ ಹಾಕಿದ್ದಾಳೆ, ಮರುದಿನ ಬೆಳಿಗ್ಗೆ ಆಕೆಯ ಸರದಿ ಎಂದು ಮಾಸ್ತರರು ಹೇಳಿದರು. ಆಕೆ ಕುಳಿತುಕೊಳ್ಳಲೂ ಇಲ್ಲ.

"ಅಕ್ಕಾರ, ಎರಡ ಸಲ ನೀರು ಕಡಿಮಿ ಬಂದಾದ. ಹತ್ತಿ ಕಾಯಿ ಕಟ್ಟೂ ಹೊತ್ತು. ನಾಳಿನೂ ಹಿಂಗ ಆದ್ರ ಕಡೀ ಸಾಲು ಕೈ ಬಿಟ್ಟಂಗ."

"ಯವ್ವಾ, ಕಂಪ್ಯೂಟರ್ ಲೆಕ್ಕ ತಪ್ಪಂಗಿಲ್ಲ. ಕಾಲುವಿ ನೀರೇ ಕಡಿಮಿ ಇರಬೇಕು," ಎಂದೆ. ನನಗೆ ಸಿಟ್ಟು ಬಂದಿತ್ತು.

"ನೀರಲ್ರಿ, ಹೊತ್ತು ಕಡಿಮಿ. ಎರಡ ತಾಸು ಹದಿನೆಂಟು ನಿಮಿಷಕ್ಕ ಬಂದ್ ಮಾಡ್ಯಾರ. ನಂದು ಎರಡ ಎಕರೆ ಮೂವತ್ತ ಗುಂಟಿ. ನಲವತ್ತ ಗುಂಟಿಗಿ ಒಂದ ಎಕರೆ. ಮೂವತ್ತಂದ್ರ ಮುಕ್ಕಾಲು. ಎರಡೂ ಮುಕ್ಕಾಲು ತಾಸು ಬರಬೇಕಿಲ್ಲೇನು?"

ಬೆರಳು ಮಡಚಿ ಲೆಕ್ಕ ಹಾಕಿದ್ದಳು ಆಕೆ. ನಾನು ಪರದೆಯ ಕಡೆ ತಿರುಗಿದೆ. ಅಲ್ಲಿ ಎಕರೆ, ಚುಕ್ಕಿ, ಗುಂಟೆ ಎಂಬ ರೂಢಿಯಲ್ಲಿ 2.30 ಎಂದು ಬರೆದಿದ್ದನ್ನು ನನ್ನ ಪ್ರೋಗ್ರಾಂ ದಶಾಂಶ ಸಂಖ್ಯೆ ಎಂದು ಊಹಿಸಿ, ಕೊನೆಯ ಸೊನ್ನೆ ನುಂಗಿ 2.3 ತಾಸು ಮಾಡಿಕೊಂಡು, ಇಪ್ಪತ್ತೇಳು ನಿಮಿಷ ಕತ್ತರಿಸಿತ್ತು. ಪೂರ್ತಿ ಎಕರೆ ಇದ್ದವರಿಗೆ ಏನೂ ಆಗಿರಲಿಲ್ಲ. ಗುಂಟೆಯವರಿಗೆಲ್ಲ ಪೆಟ್ಟು ಬಿದ್ದಿತ್ತು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ರಾಮಸಮುದ್ರದಲ್ಲಿ ನಮ್ಮಪ್ಪನ ಹೊಲದ ಪಹಣಿಯಲ್ಲಿ 3.15 ಎಂದಿತ್ತು. ಅದನ್ನು ಮೂರು ಎಕರೆ ಹದಿನೈದು ಗುಂಟೆ ಎಂದು ಓದದ ದಿನ ನನ್ನ ಬಾಲ್ಯದಲ್ಲಿ ಇರಲಿಲ್ಲ. ಬೆಂಗಳೂರಿನವರು ಎಡವಿದ್ದರೆ ನಾನೇ ನಕ್ಕು ಸಾಯುತ್ತಿದ್ದೆ. ಹೊಲದ ಮಗಳಾದ ನಾನು ಒಂದು ಸಲವೂ ಆ ಕ್ಲಾಸನ್ನು ತೆರೆದು ಓದಿರಲಿಲ್ಲ.

"ತಪ್ಪು ನಂದೇ ಯವ್ವಾ," ಎಂದೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಎಂದು ಕ್ಲಾಸನ್ನು ಕೈಯಿಂದಲೇ ತಿದ್ದಿದೆ. ಎಲ್ಲ ರೈತರ ಪಟ್ಟಿಯನ್ನು ಹೊಸದಾಗಿ ತೆಗೆದು, ಒಂದೊಂದು ಸಾಲಿಗೂ ಮಾಸ್ತರರಿಂದ ಬಾಯಿಲೆಕ್ಕ ಹಾಕಿಸಿ ನೋಡಿದೆ. ನಂತರ ಅಂಗಡಿಗೆ ಬೀಗ ಹಾಕಿ ಅವರ ಜೊತೆಗೇ ಬಸ್ಸು ಹತ್ತಿದೆ.

ಮರುದಿನ ಆಕೆಯ ಸರದಿ ಶುರುವಾಗಿ ಎರಡು ತಾಸು ಹದಿನೆಂಟು ನಿಮಿಷಕ್ಕೆ ಸರಿಯಾಗಿ ನೀರು ಬಿಡುವವನು ತೂಬು ಮುಚ್ಚಲು ಬಂದ. ಹೊಸ ಪಟ್ಟಿಯನ್ನು ಅವನ ಮುಂದೆ ಹಿಡಿದೆ. "ಹೋದ ವಾರದ ಕಾಗದಾನೂ ನೀವೇ ಕೊಟ್ಟಿದ್ರಿ," ಎಂದ. ಹೌದು ಎಂದೆ. ಅವನು ನಕ್ಕು ಬದುವಿನ ಮೇಲೆ ಕುಳಿತ.

ಮರಳಿ ಸಿಕ್ಕ ಆ ಇಪ್ಪತ್ತೇಳು ನಿಮಿಷದಲ್ಲಿ ಆಕೆ ನನ್ನನ್ನು ಹೊಲದ ಕೊನೆಗೆ ಕರೆದೊಯ್ದಳು. ಎದೆಯುದ್ದ ಬೆಳೆದ ಹತ್ತಿ ಒಂದು ಕಡೆ ತಟ್ಟನೆ ಗಿಡ್ಡವಾಗಿತ್ತು. ಅಲ್ಲಿಂದ ಬದುವಿನ ತನಕ ಎಲೆ ಜೋತು, ಮೊಗ್ಗು ಉದುರಿ ನಿಂತ ಸಾಲುಗಳು. ಎಣಿಸಿದೆ, ಹದಿನೆಂಟು. ನನ್ನ ತಪ್ಪು ಎಷ್ಟು ಅಗಲ ಎಂದು ಕಾಲಲ್ಲಿ ನಡೆದು ಅಳೆಯಬಹುದಿತ್ತು. ನೀರು ಆ ಸಾಲುಗಳಿಗೆ ನಿಧಾನವಾಗಿ ಇಳಿಯಿತು.

"ಇವು ಬದುಕ್ತಾವೇನವ್ವಾ?" ಎಂದೆ.

"ಅರ್ಧ ಬದುಕ್ತಾವ," ಎಂದು ಆಕೆ ಸೆರಗು ಸಿಕ್ಕಿಸಿ ಬಾಗಿ ಮಣ್ಣು ಸರಿಸತೊಡಗಿದಳು.