ಬೆಳ್ಳಗಾಗದ ಸುಣ್ಣದ ನೀರು

ಅಜ್ಜಂಪುರದ ಷಡಕ್ಷರಿ ಮೇಷ್ಟ್ರಿಗೆ ಕಡೂರಿನಲ್ಲಿ ಒಳ್ಳೆಯ ಹೆಸರಿತ್ತು. ಅವರು ಪಾಠ ಹೇಳುತ್ತಿದ್ದ ಮಿಡಲ್ ಸ್ಕೂಲಿನಲ್ಲಿ ವಿಜ್ಞಾನದಲ್ಲಿ ಫೇಲಾದ ಹುಡುಗರೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮೇಷ್ಟ್ರು ರುಮಾಲನ್ನು ಸರಿಮಾಡಿಕೊಂಡು, "ಹುಡುಗರು ಜಾಣರು ಕಣ್ರೀ, ನಂದೇನಿದೆ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಸಂತೋಷ ಯಾರಿಗೂ ಕಾಣದೆ ಇರುತ್ತಿರಲಿಲ್ಲ.

ತಂದೆ ಹತ್ತಿ ವ್ಯಾಪಾರದವರು. ಅಣ್ಣಂದಿರಿಬ್ಬರೂ ಅಂಗಡಿ ಹಿಡಿದರು. ಷಡಕ್ಷರಿಯವರನ್ನು ಮಾತ್ರ ಮಠದ ಸ್ವಾಮಿಗಳು ಮೈಸೂರಿಗೆ ಓದಲು ಕಳಿಸಿದರು. ಅಲ್ಲಿ ಇಂಟರ್‌ಮೀಡಿಯಟ್‌ವರೆಗೆ ಓದಿದರು. ಪುಸ್ತಕದಲ್ಲಿ ಇದ್ದದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಪ್ರಯೋಗದ ಕೋಣೆಗೆ ಹೋದರೆ ಕೈ ನಡುಗುತ್ತಿತ್ತು. ಒಂದು ಗಾಜಿನ ಬುರುಡೆ ಒಡೆದು ಎಲ್ಲರೆದುರು ಬೈಸಿಕೊಂಡ ಮೇಲೆ ಪಕ್ಕದವನು ಬರೆದದ್ದನ್ನು ನೋಡಿ ಬರೆದುಕೊಂಡೇ ಎರಡು ವರ್ಷ ಕಳೆದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಪಂಕಜಾಕ್ಷಿಗೂ.

ಸ್ಕೂಲಿನಲ್ಲೂ ಅದೇ ದಾರಿ. ಪ್ರಯೋಗದ ಬೀರುವಿಗೆ ಸದಾ ಬೀಗ. ಮೇಷ್ಟ್ರು ನೋಟ್ಸು ಹೇಳುತ್ತಿದ್ದರು, ಹುಡುಗರು ಬರೆದುಕೊಂಡು ಉರು ಹೊಡೆಯುತ್ತಿದ್ದರು. "ಸುಣ್ಣದ ತಿಳಿನೀರಿಗೆ ಉಸಿರನ್ನು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದು. ಇದರಿಂದ ನಾವು ಹೊರಗೆ ಬಿಡುವ ಉಸಿರಿನಲ್ಲಿ ಅಂಗಾರಾಮ್ಲ ವಾಯು ಇದೆಯೆಂದು ತಿಳಿಯುವುದು." ಇಡೀ ತರಗತಿ ಒಂದೇ ದನಿಯಲ್ಲಿ ಇದನ್ನು ಹೇಳುತ್ತಿದ್ದರೆ ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು.

೧೯೨೬ನೆಯ ಇಸವಿಯಲ್ಲಿ ಮೇಲಿನಿಂದ ಹೊಸ ಅಪ್ಪಣೆ ಬಂತು. ಕೊನೆಯ ತರಗತಿಯವರಿಗೆ ವಿಜ್ಞಾನದಲ್ಲಿ ಬರವಣಿಗೆಯ ಪರೀಕ್ಷೆಯೊಂದೇ ಸಾಲದು, ಪ್ರತಿಯೊಬ್ಬನ ಕೈಯಲ್ಲೂ ಪ್ರಯೋಗ ಮಾಡಿಸಿ, ಅವನು ಕಂಡದ್ದನ್ನು ಬರೆಸಬೇಕು. ಮೇಷ್ಟ್ರು ಮೂರು ಪ್ರಯೋಗ ಗೊತ್ತು ಮಾಡಿದರು. ದಾಸವಾಳದ ಹೂವನ್ನು ಬಿಡಿಸಿ ಭಾಗಗಳನ್ನು ತೋರಿಸುವುದು, ಮೊಟ್ಟೆ ಸಿಹಿನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲುವುದನ್ನು ನೋಡುವುದು, ಸುಣ್ಣದ ನೀರಿಗೆ ಉಸಿರು ಊದುವುದು. ಬೀರು ತೆಗೆದಾಗ ಸುಣ್ಣದ ನೀರಿನ ಸೀಸೆ ಸಿದ್ಧವಾಗಿಯೇ ಇತ್ತು. ಹಿಂದಿನ ವರ್ಷ ದಸರಾಕ್ಕೆ ಮೊದಲು ಇನ್‌ಸ್ಪೆಕ್ಷನ್ನಿಗೆ ತೋರಿಸಲೆಂದು ಮಾಡಿಟ್ಟದ್ದು. ಬಿರಡೆ ಕಳೆದುಹೋಗಿ ಬಾಯಿಗೆ ಬಟ್ಟೆ ತುರುಕಿತ್ತು. ತಳದಲ್ಲಿ ಬಿಳಿಯ ಪುಡಿ ಕೂತಿತ್ತು, ಮೇಲಿನ ನೀರು ತಿಳಿಯಾಗಿತ್ತು. ಅಷ್ಟು ಸಾಕು ಎನಿಸಿತು. ತಾವೊಮ್ಮೆ ಊದಿ ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಪರೀಕ್ಷೆಯ ದಿನ ಇಪ್ಪತ್ತಮೂರು ಹುಡುಗರು. ಒಬ್ಬೊಬ್ಬನೇ ಮೇಜಿನ ಬಳಿ ಬಂದು, ಗಾಜಿನ ಲೋಟಕ್ಕೆ ತಿಳಿನೀರು ಬಗ್ಗಿಸಿಕೊಂಡು, ಕೊಳವೆಯಲ್ಲಿ ಊದಿ, ಕಾಗದದ ಮೇಲೆ ಬರೆದು ಹೋಗುತ್ತಿದ್ದ. ಮೇಷ್ಟ್ರು ಹೆಸರು ಕೂಗುತ್ತ ಹಾಳೆಗಳನ್ನು ಜೋಡಿಸುತ್ತ ಕೂತಿದ್ದರು. ಹತ್ತು ಹನ್ನೆರಡು ಜನ ಆದಮೇಲೆ ಚೌಳಹಿರಿಯೂರಿನ ಬೀರಪ್ಪನ ಸರದಿ ಬಂತು. ಹದಿನಾರು ವರ್ಷದ, ಮಾತು ಕಮ್ಮಿಯ ಹುಡುಗ. ಅವನ ಮನೆಯವರು ಬೇಸಾಯದವರು, ಸ್ವಲ್ಪ ತೆಂಗಿನ ತೋಟವೂ ಇತ್ತು. ದಾಸವಾಳದ ಹೂವನ್ನು ಅವನಷ್ಟು ನಾಜೂಕಾಗಿ ಯಾರೂ ಬಿಡಿಸಿರಲಿಲ್ಲ. ಅವನು ಊದಿದ. ನಿಲ್ಲಿಸಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಊದಿದ, ಮುಖ ಕೆಂಪಗಾಗುವವರೆಗೂ.

"ಸಾರ್, ಇದು ಬೆಳ್ಳಗಾಗ್ತಿಲ್ಲ."

ಮೇಷ್ಟ್ರು ತಲೆ ಎತ್ತಿದರು. ನೀರು ನಿಜವಾಗಿಯೂ ತಿಳಿಯಾಗಿಯೇ ಇತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮಾಸ್ಟರು ಇನ್‌ಸ್ಪೆಕ್ಟರ ಜೊತೆ ಬಂದು ನಿಂತರು. ಏನಾದರೂ ಹೇಳಲೇಬೇಕಾಗಿತ್ತು.

"ಯಾಕೋ, ನಿನ್ನ ಉಸಿರಲ್ಲಿ ಅಂಗಾರಾಮ್ಲ ಇಲ್ವೇನೋ? ಹಂಗಾದ್ರೆ ನೀನು ಬದುಕಿರೋ ಮನುಷ್ಯನೇ ಅಲ್ಲ ಬಿಡು!"

ತರಗತಿ ಗೊಳ್ಳೆಂದು ನಕ್ಕಿತು. ಇನ್‌ಸ್ಪೆಕ್ಟರೂ ನಕ್ಕು ಮುಂದಕ್ಕೆ ಹೋದರು. ಬೀರಪ್ಪ ನಗಲಿಲ್ಲ. ತನ್ನ ಹಾಳೆಯ ಮೇಲೆ "ನೀರು ಬೆಳ್ಳಗಾಗಲಿಲ್ಲ" ಎಂದು ಬರೆದಿಟ್ಟು ಹೊರಟುಹೋದ. ಮಿಕ್ಕ ಇಪ್ಪತ್ತೆರಡು ಹಾಳೆಗಳಲ್ಲೂ ನೀರು ಹಾಲಿನಂತೆ ಬೆಳ್ಳಗಾಗಿತ್ತು. ಸಂಜೆ ಅಂಕ ಹಾಕುವಾಗ ಮೇಷ್ಟ್ರು ಇಪ್ಪತ್ತೆರಡು ಜನಕ್ಕೂ ಪೂರ್ತಿ ಅಂಕ ಕೊಟ್ಟು, ಬೀರಪ್ಪನಿಗೆ ಸೊನ್ನೆ ಹಾಕಿದರು. ಬರವಣಿಗೆಯಲ್ಲೂ ಅವನು ಸ್ವಲ್ಪ ಹಿಂದೆ. ಆ ಸೊನ್ನೆಯಿಂದಾಗಿ ಫೇಲಾದ.

ಯುಗಾದಿಗೆ ಮೇಷ್ಟ್ರು ಅಜ್ಜಂಪುರಕ್ಕೆ, ಹೆಂಡತಿ ಮಗಳು ಮೊದಲೇ ಹೋಗಿದ್ದ ತಮ್ಮ ಮನೆಗೆ ಹೋದರು. ಪಂಕಜಾಕ್ಷಿ ಗೋಡೆಗೆ ಬಳಿಯಲು ದೊಡ್ಡ ಗುಡಾಣದಲ್ಲಿ ಸುಣ್ಣ ಕಲಸಿಟ್ಟಿದ್ದರು. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದಾಗ ಏಳು ವರ್ಷದ ಮಗಳು ಗುರುಶಾಂತ ಒಂದು ಚೊಂಬು ಹಿಡಿದು ಓಡಿಬಂದಳು. ಕೈಯಲ್ಲಿ ಪರಂಗಿ ಎಲೆಯ ದಂಟು.

"ಅಪ್ಪಾಜಿ, ನೋಡಿಲ್ಲಿ! ಸುಣ್ಣದ ತಿಳಿನೀರಲ್ಲಿ ಗುಳ್ಳೆ ಊದ್ದೆ, ಹಾಲಾಗೋಯ್ತು!"

"ಏ ಹುಡುಗಿ, ಬಾಯಿ ಸುಟ್ಕೊಂಡೀಯ ಕಣೇ!" ಎಂದು ಒಳಗಿನಿಂದ ಪಂಕಜಾಕ್ಷಿ ಕೂಗಿದರು.

ಮೇಷ್ಟ್ರು ಚೊಂಬಿನೊಳಗೆ ನೋಡಿದರು. ಎರಡು ಉಸಿರಿಗೆ ನೀರು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಮೂವತ್ತನಾಲ್ಕು ವರ್ಷ ವಯಸ್ಸಿನ ವಿಜ್ಞಾನದ ಮೇಷ್ಟ್ರು ತಮ್ಮ ಬಾಳಿನಲ್ಲಿ ಮೊದಲ ಸಲ ಅದನ್ನು ಕಣ್ಣಾರೆ ಕಂಡರು. ಚೊಂಬನ್ನು ಕೈಯಲ್ಲೇ ಹಿಡಿದು ಕೂತರು. ಸೀಸೆಯ ಬಾಯಲ್ಲಿದ್ದ ಬಟ್ಟೆ ನೆನಪಾಯಿತು. ಗಾಳಿಯಾಡುತ್ತಿದ್ದ ಸೀಸೆಯೊಳಗೆ, ಗಾಳಿಯಲ್ಲಿನ ಅಂಗಾರಾಮ್ಲ ತಗುಲಿ, ಸುಣ್ಣವೆಲ್ಲ ಆಗಲೇ ಪುಡಿಯಾಗಿ ತಳ ಸೇರಿತ್ತು. ಮೇಲೆ ಉಳಿದದ್ದು ಬರಿಯ ನೀರು. ಊದಿದರೆ ಯಾರ ಉಸಿರಿಗೂ ಅದು ಬೆಳ್ಳಗಾಗುವಂತಿರಲಿಲ್ಲ.

"ಯಾಕ್ರೀ, ಹಿಂಗೆ ಕೂತ್ಬಿಟ್ರಿ?" ಎಂದು ಪಂಕಜಾಕ್ಷಿ ಕೇಳಿದರು.

"ಏನಿಲ್ಲ, ಬಿಸಿಲು" ಎಂದರು ಮೇಷ್ಟ್ರು.

ಹಬ್ಬದ ಮಾರನೆಯ ದಿನವೇ ರೈಲು ಹತ್ತಿ ಕಡೂರಿಗೆ ಬಂದು, ಬೀರು ತೆಗೆದು ಆ ಸೀಸೆಯ ನೀರಿಗೆ ಊದಿ ನೋಡಿದರು. ಏನೂ ಆಗಲಿಲ್ಲ. ಆಮೇಲೆ ಹೆಡ್‌ಮಾಸ್ಟರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಷಡಕ್ಷರಿಯವರೇ, ಫಲಿತಾಂಶ ಹೋಗಿ ಆಯ್ತು. ಈಗ ಅವನೊಬ್ಬನ್ನ ಪಾಸ್ ಮಾಡ್ಬೇಕಂದ್ರೆ ಇಪ್ಪತ್ತೆರಡು ಜನ ಸುಳ್ಳು ಬರೆದ್ರು ಅಂತ ನಾವೇ ಒಪ್ಕೋಬೇಕು. ನಿಮ್ಮ ಕೆಲಸಕ್ಕೂ ಒಳ್ಳೇದಲ್ಲ, ಸ್ಕೂಲಿಗೂ ಒಳ್ಳೇದಲ್ಲ. ಬರೋ ವರ್ಷ ಕೂರ್ತಾನೆ ಬಿಡಿ."

ಮೇಷ್ಟ್ರು ತಲೆಯಾಡಿಸಿ ಬಂದರು. ಬರುವಾಗ ಎದೆ ಹಗುರವೆನಿಸಿತು. ಹೇಳಬೇಕಾದವರಿಗೆ ಹೇಳಿಯಾಯಿತು ಎಂದುಕೊಂಡರು. ಹತ್ತು ದಿನ ಹಾಗೆ ಅಂದುಕೊಂಡೇ ಇದ್ದರು. ಆ ಹತ್ತು ದಿನಗಳನ್ನು ನೆನೆದರೆ ಮುದುಕರಾದ ಮೇಲೂ ಅವರಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಕಡೂರಿನ ಸಂತೆಯಲ್ಲಿ ತೆಂಗಿನಕಾಯಿ ಮಾರುತ್ತಿದ್ದ ಕೆಂಚಪ್ಪ ಕೈಮುಗಿದು ನಿಂತ. ಅವನು ಬೀರಪ್ಪನ ಸೋದರಮಾವ.

"ಮೇಷ್ಟ್ರೇ, ನೀವು ಕಂಡುಹಿಡಿದಿದ್ದು ಒಳ್ಳೇದಾಯ್ತು ಬುಡಿ. ಇಲ್ದಿದ್ರೆ ನಮಗೆಲ್ಲಿ ಗೊತ್ತಾಗದು."

"ಏನು ಕಂಡುಹಿಡಿದೆ?"

"ಅದೇ, ನಮ್ಮ ಬೀರನ ಉಸಿರಿನ ಕಾಯಿಲೆ. ಅದರಲ್ಲಿ ಏನೋ ಇಲ್ಲ ಅಂತ ನೀವೇ ಹೇಳಿದ್ರಂತಲ್ಲ. ಅವರಪ್ಪನೂ ಇನ್‌ಫ್ಲುಯೆಂಜಾದಾಗೆ ಉಸಿರು ಕಟ್ಟೇ ಹೋದ. ಅಕ್ಕ ಹೆದರ್ಕೊಂಡು ಬೀರೂರು ಪಂಡಿತರ ತಾವ ಕರ್ಕೊಂಡೋಗಿದ್ಲು. ಮೂರು ವಾರ ಆಯ್ತು, ಕಷಾಯ ಕುಡೀತಾ ಮಲಗವ್ನೆ."

ಸಂತೆಯ ಗದ್ದಲದ ನಡುವೆ ಮೇಷ್ಟ್ರಿಗೆ ಅಂದು ತರಗತಿ ನಕ್ಕ ನಗುವೇ ಕೇಳಿಸಿದಂತಾಯಿತು. ಆ ಮಧ್ಯಾಹ್ನ ಕೆಂಚಪ್ಪನ ಗಾಡಿಯಲ್ಲೇ ಚೌಳಹಿರಿಯೂರಿಗೆ ಹೊರಟರು. ದಾರಿಯುದ್ದಕ್ಕೂ ಕೆಂಚಪ್ಪ ಮರ್ಯಾದೆಯಿಂದ ಮಾತಾಡುತ್ತಿದ್ದ. ಅವನು ಒಂದೊಂದು ಸಲ "ನಿಮ್ಮಂಥೋರು" ಅಂದಾಗಲೂ ಇವರು ತಲೆ ತಗ್ಗಿಸುತ್ತಿದ್ದರು.

ಬೀರಪ್ಪನ ತಾಯಿ ಕರಿಯಮ್ಮ ಮೇಷ್ಟ್ರನ್ನು ಕಂಡದ್ದೇ ಕಂಬಳಿ ಹಾಸಿದಳು. "ನಮ್ಮನೇಲಿ ನೀವು ಉಣ್ಣಲ್ಲ, ಗೊತ್ತು" ಎಂದು ಎಳನೀರು ಕೆತ್ತಿಸಿ ತಂದಿಟ್ಟಳು. ಆಮೇಲೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕೇಳಿದಳು.

"ಬದುಕ್ತಾನಾ ಮೇಷ್ಟ್ರೇ? ಇರೋದು ಇರೋಹಂಗೇ ಹೇಳ್ಬುಡಿ."

ಮೂಲೆಯಲ್ಲಿ ಮಲಗಿದ್ದ ಬೀರಪ್ಪ ಎದ್ದು ನಿಂತ. ಸೊರಗಿ ಕಡ್ಡಿಯಾಗಿದ್ದ. ಮೇಷ್ಟ್ರು ಎಳನೀರನ್ನು ಮುಟ್ಟದೆ, "ಅಮ್ಮಾ, ನಿಮ್ಮ ಎಲೆಅಡಿಕೆ ಚೀಲದಲ್ಲಿ ಸುಣ್ಣ ಇದೆಯಾ?" ಎಂದು ಕೇಳಿದರು.

ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯಾಗುವವರೆಗೆ ಕಾದರು. ಹೊತ್ತು ಬಹಳ ಹಿಡಿಯಿತು. ಬಟ್ಟೆಯಲ್ಲಿ ಸೋಸಿ ತಿಳಿಯನ್ನು ಎರಡು ಬಟ್ಟಲಿಗೆ ಹಾಕಿ, ಪರಂಗಿಯ ದಂಟು ತರಿಸಿ, ಮೊದಲು ಬೀರಪ್ಪನ ಕೈಗೆ ಕೊಟ್ಟರು. ಅವನು ಅಂಜುತ್ತ ಊದಿದ. ನೀರು ಬೆಳ್ಳಗಾಯಿತು. ಇನ್ನೊಂದಕ್ಕೆ ಮೇಷ್ಟ್ರು ಊದಿದರು. ಅದೂ ಹಾಗೇ ಆಯಿತು. ಕರಿಯಮ್ಮ ಎರಡು ಬಟ್ಟಲನ್ನೂ ಅಕ್ಕಪಕ್ಕ ಇಟ್ಟು, ಬಗ್ಗಿ ಬಗ್ಗಿ ನೋಡಿ, "ಒಂದೇ ಥರ ಐತೆ!" ಎಂದು ಅಳುತ್ತ ನಗತೊಡಗಿದಳು.

ಬೀರಪ್ಪ ನಗಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದು ನಿಧಾನವಾಗಿ ಕೇಳಿದ.

"ಸಾರ್, ಹಂಗಾರೆ ಅವತ್ತು ಆ ನೀರೇ ಕೆಟ್ಟಿತ್ತಾ?"

"ಹೌದಪ್ಪ. ನಾನು ಮೊದಲೇ ಊದಿ ನೋಡಿರಲಿಲ್ಲ."

"ಮತ್ತೆ ಉಳಿದೋರ್ದು ಹೆಂಗೆ ಬೆಳ್ಳಗಾಯ್ತು?"

"ಯಾರದೂ ಆಗಲಿಲ್ಲ. ಎಲ್ಲಾ ನೋಟ್ಸಿನಲ್ಲಿ ಇದ್ದಿದ್ದನ್ನೇ ಬರೆದ್ರು. ನಾನು ಅದಕ್ಕೆ ಅಂಕ ಕೊಟ್ಟೆ. ಕಂಡದ್ದನ್ನ ಬರೆದೋನು ನೀನೊಬ್ಬನೇ."

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಹುಡುಗ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದ.

"ಅವತ್ತು ನಿನ್ನ ಲೋಟ ತಿಳಿಯಾಗಿದ್ದಿದ್ದು ನಂಗೂ ಕಾಣ್ತು ಕಣಪ್ಪ" ಎಂದರು ಮೇಷ್ಟ್ರು. "ಬಾಗಿಲಲ್ಲಿ ದೊಡ್ಡವರು ನಿಂತಿದ್ರು. ನನ್ನ ಮರ್ಯಾದೆ ಹೋಗುತ್ತೆ ಅಂತ ನಿನ್ನ ಮರ್ಯಾದೆ ತೆಗೆದೆ."

ಕರಿಯಮ್ಮನ ನಗು ನಿಂತಿತು. ಅವಳು ಬಯ್ಯಲಿಲ್ಲ. ಬಟ್ಟಲುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿ ಬಂದಳು. "ಹೊತ್ತು ಮುಳುಗ್ತದೆ, ಕೆಂಚ, ಮೇಷ್ಟ್ರನ್ನ ಬಿಟ್ಟು ಬಾ" ಎಂದಳು, ಅಷ್ಟೇ. ಅವಳು ನಾಲ್ಕು ಮಾತು ಬೈದಿದ್ದರೆ ಸುಖವಾಗಿತ್ತು ಎಂದು ಮೇಷ್ಟ್ರಿಗೆ ಗಾಡಿಯಲ್ಲಿ ಅನಿಸಿತು.

ಮರುದಿನ ಮೇಷ್ಟ್ರು ನಡೆದದ್ದನ್ನೆಲ್ಲ ಬರೆದು, ತಪ್ಪು ಪೂರ್ತಿ ತಮ್ಮದೆಂದು ಒಪ್ಪಿಕೊಂಡು, ಹೆಡ್‌ಮಾಸ್ಟರ ಕೈಗೆ ಅರ್ಜಿ ಕೊಟ್ಟರು. ಅವರು ಮುಂದಕ್ಕೆ ಕಳಿಸಲು ಒಪ್ಪಲಿಲ್ಲ. ಇವರೇ ನೇರವಾಗಿ ಮೇಲಿನವರಿಗೆ ಟಪಾಲಿನಲ್ಲಿ ಹಾಕಿದರು. ಒಂದೂವರೆ ತಿಂಗಳ ಮೇಲೆ ಹುಕುಂ ಬಂತು. ಇಪ್ಪತ್ತಮೂರು ಜನಕ್ಕೂ ಬೇರೆ ಮೇಷ್ಟ್ರಿಂದ ಮತ್ತೆ ಪ್ರಯೋಗದ ಪರೀಕ್ಷೆ ಆಗಬೇಕು. ಷಡಕ್ಷರಿಯವರಿಗೆ ಎರಡು ವರ್ಷ ಬಡ್ತಿ ಇಲ್ಲ, ತರೀಕೆರೆಗೆ ವರ್ಗ.

ಕಡೂರಿನಲ್ಲಿ ಅವರ ಹೆಸರು ಒಂದೇ ದಿನದಲ್ಲಿ ಹಾಳಾಯಿತು. ಪಾಸಾದ ಹುಡುಗರ ತಂದೆಯಂದಿರು ಮನೆ ಬಾಗಿಲಿಗೆ ಬಂದು ಕೂಗಾಡಿದರು. ದಿನಸಿ ಅಂಗಡಿಯ ಸೋಮಶೇಖರಪ್ಪ, ದಿನವೂ ಎದ್ದು ನಿಂತು ಶರಣು ಹೇಳುತ್ತಿದ್ದವರು, ಈಗ ಇವರನ್ನು ಕಂಡು ಮುಖ ತಿರುಗಿಸಿ ಉಗಿದರು. ಗಾಡಿಗೆ ಸಾಮಾನು ಹೇರುವಾಗ ಪಂಕಜಾಕ್ಷಿ ಒಂದೇ ಮಾತು ಕೇಳಿದರು.

"ಅವತ್ತು ಜಗಲಿ ಮೇಲೆ ಬಿಸಿಲು ಅಂದ್ರಲ್ಲ, ಇದೇ ಏನ್ರೀ?"

ಮೇಷ್ಟ್ರು ಹೌದೆಂದರು. ಅಂದು ಮೈಸೂರಿನ ಗಾಜಿನ ಬುರುಡೆಯಿಂದ ಹಿಡಿದು ಎಲ್ಲವನ್ನೂ ಹೆಂಡತಿಗೆ ಹೇಳಿದರು.

ಬೀರಪ್ಪ ಮರುಪರೀಕ್ಷೆಗೆ ಬಂದು ಪಾಸಾದ. ಆದರೆ ಅಷ್ಟು ಹೊತ್ತಿಗೆ ಹೈಸ್ಕೂಲಿಗೆ ಸೇರುವ ಕಾಲ ಮೀರಿತ್ತು. ಮರುವರ್ಷ ಮನೆಯಲ್ಲಿ ಹೊಲದ ಆರಂಬ ನೋಡುವವರಿಲ್ಲದೆ ಓದು ಅಲ್ಲಿಗೇ ನಿಂತಿತು. ಈ ಸುದ್ದಿ ಕೆಂಚಪ್ಪನಿಂದ ತಿಳಿದಾಗ ಮೇಷ್ಟ್ರು ಎರಡು ಕಾಗದ ಬರೆದರು. ಉತ್ತರ ಬರಲಿಲ್ಲ.

ತರೀಕೆರೆಯಲ್ಲಿ ಮೇಷ್ಟ್ರು ಇಪ್ಪತ್ತು ವರ್ಷ ಪಾಠ ಹೇಳಿದರು. ಕೈ ನಡುಗುತ್ತಲೇ ಇತ್ತು. ಎಷ್ಟೋ ಲೋಟ ಒಡೆದವು, ಹುಡುಗರು ನಕ್ಕರು, ಇವರು ಅದನ್ನು ಸಹಿಸಿಕೊಂಡು ಮತ್ತೆ ಮಾಡಿ ತೋರಿಸಿದರು. ಅಮೃತಾಪುರದಿಂದ ನಡೆದು ಬರುವ ಹುಡುಗರಿಗೆ ಕಾಳು ಮೊಳೆಸಲು, ಕಂಡದ್ದನ್ನು ಬರೆಯಲು ಹೇಳುತ್ತಿದ್ದರು. ಅವರ ತರಗತಿಯಲ್ಲಿ ಈಗ ಫೇಲಾಗುವವರೂ ಇದ್ದರು. ಯಾರಾದರೂ "ಎಂಥ ಪ್ರಾಮಾಣಿಕರು ಮೇಷ್ಟ್ರು, ತಾವೇ ತಪ್ಪು ಒಪ್ಪಿಕೊಂಡೋರು" ಎಂದು ಹೊಗಳಿದರೆ ಎದ್ದು ಹೋಗಿಬಿಡುತ್ತಿದ್ದರು.

ಒಂದು ವರ್ಷ ಸಿಡುಬಿನ ಭಯ ಬಂದು, ಸ್ಕೂಲಿನಲ್ಲಿ ದೇವಿ, ಅಂದರೆ ಲಸಿಕೆ, ಹಾಕಲು ವ್ಯಾಕ್ಸಿನೇಟರು ಬಂದರು. ಖಾಕಿ ಕೋಟು, ಕೈಯಲ್ಲಿ ಪೆಟ್ಟಿಗೆ, ಮಾತು ಕಮ್ಮಿ. ಒಬ್ಬೊಬ್ಬ ಹುಡುಗನ ತೋಳು ಒರೆಸಿ ನಾಜೂಕಾಗಿ ಹಾಕುತ್ತಿದ್ದರು. ಮೇಷ್ಟ್ರಿಗೆ ಮೊದಲು ಗುರುತು ಹತ್ತಿದ್ದು ಆ ಕೈಗಳಿಂದ. ಬೀರಪ್ಪ! ಓಡಿಹೋಗಬೇಕೆನಿಸಿತು. ಆದರೆ ಹುಡುಗರ ಸಾಲಿನ ಕೊನೆಯಲ್ಲಿ ಅವರೂ ನಿಂತಿದ್ದರು.

ಮುಂದಿದ್ದ ಹುಡುಗನೊಬ್ಬ ಇಬ್ಬರ ಮುಖವನ್ನೂ ನೋಡಿ, "ಸಾರ್, ಇವರು ನಿಮ್ಮ ಶಿಷ್ಯರಾ?" ಎಂದ.

ಮೇಷ್ಟ್ರು ಕೋಟಿನ ಗುಂಡಿಗೆ ಕೈ ಹಾಕಿದರು.

"ಹೌದು" ಎಂದ ಬೀರಪ್ಪ, ಪೆಟ್ಟಿಗೆಯಿಂದ ಕಣ್ಣೆತ್ತದೆ. "ಕಡೂರಲ್ಲಿ. ತೋಳು ತೋರಿಸಿ ಸಾರ್."

ಮೇಷ್ಟ್ರು ಕೋಟು ಬಿಚ್ಚಿ ಅಂಗಿಯ ತೋಳು ಮಡಿಸಿದರು. ಅವನು ಬೇರೆಯವರಿಗೆ ಮಾಡಿದ ಹಾಗೆಯೇ, ಹೆಚ್ಚಿಲ್ಲ ಕಮ್ಮಿಯಿಲ್ಲ, ಒರೆಸಿ ಹಾಕಿದ. "ನಾಲ್ಕು ದಿನ ನೀರು ಮುಟ್ಟಿಸಬೇಡಿ" ಎಂದು ಹೇಳಿ, ಮುಂದಿನ ತರಗತಿಯವರನ್ನು ಕರೆಸಲು ಹೇಳಿದ.