ಮಳೆ ಪುಸ್ತಕವೂ ಹೊಸ ಟ್ಯಾಬೂ

ವನಗೂರಿನ ನಮ್ಮ ತೋಟದ ಮಳೆ ಪುಸ್ತಕವನ್ನು ಮಾವ ನನ್ನ ಕೈಗೆ ಕೊಟ್ಟದ್ದು ಒಂದು ಹೂಮಳೆಯ ದಿನ. ಕಾಫಿ ಮೊಗ್ಗನ್ನು ಅರಳಿಸುವ ವರ್ಷದ ಮೊದಲ ಮಳೆ ಅದು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಳೆ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಇಂಚು, ಎಷ್ಟು ಸೆಂಟು ಎಂದು ಬರೆಯಬೇಕು; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ಅಂದಿನಿಂದ ನಾನು ಒಂದು ದಿನವೂ ತಪ್ಪಿಸಿಲ್ಲ. ಬರಬರುತ್ತಾ ಅದನ್ನೆಲ್ಲ, ವರ್ಷವರ್ಷ ಚಂದಾ ಕಟ್ಟುವ ಒಂದು ತಂತ್ರಾಂಶದಲ್ಲಿ, ಲ್ಯಾಪ್‌ಟಾಪಿಗೆ ಏರಿಸಿದೆ. ಮಾವನಿಗೆ ಅದು ಸುತರಾಂ ಇಷ್ಟವಿರಲಿಲ್ಲ; ಪುಸ್ತಕವನ್ನು ವಾಪಸ್ ತಾವೇ ಇಟ್ಟುಕೊಂಡರು.

ಹೋದ ಮಾರ್ಚಿನಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟಿತು. ಹಾಸನದಿಂದ ಬಂದ ಮಗಳು ಹೊಸ ಟ್ಯಾಬ್ ಕೊಟ್ಟು, ಮಳೆಪಟ್ಟಿಯನ್ನೂ ಅದರಲ್ಲಿ ಹಾಕಿ ಹೋದಳು. ಮಾರನೆಯ ದಿನವೇ ಹೂಮಳೆ! ಅಳೆದು ಬಂದು ತೆರೆದರೆ ಪಟ್ಟಿ ಕಾಣುತ್ತದೆ, ಬರೆಯಲು ಬಿಡುವುದಿಲ್ಲ. ಚಂದಾ ಕಟ್ಟಬೇಕಂತೆ.

ಜಗಲಿಯಲ್ಲಿ ಕೂತಿದ್ದ ಮಾವ ಎಲ್ಲ ನೋಡುತ್ತಿದ್ದರು. ತೊಡೆಯ ಮೇಲೆ ಹಳೆಯ ಮಳೆ ಪುಸ್ತಕ, ಜೇಬಿನಲ್ಲಿ ಪೆನ್ನು.

"ಆಗ್ದಿದ್ರೆ ಬುಡಮ್ಮ. ಇವತ್ತಿಂದ ನಾನೇ ಬರ್ಕತೀನಿ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಾಪಾಡಿದ ಕೆಲಸ ಒಂದು ಗಾಜಿನ ತುಂಡಿನಿಂದ ಕೈತಪ್ಪುವುದೆಂದರೇನು!

"ಹೊಸ್ದಾಗಿ ಕಟ್ಬುಡು ಮಾರಾಯ್ತಿ, ತಲೆನೋವ್ ಯಾಕೆ?" ಎಂದರು ನನ್ನ ಗಂಡ.

"ಕಟ್ಟಿರೋದು ಐತಲ್ರೀ! ಲ್ಯಾಪ್‌ಟಾಪ್ ಸತ್ರೆ ಚಂದಾನೂ ಸಾಯುತ್ತಾ?"

ಚಂದಾ ಇರುವುದು ನನ್ನ ಖಾತೆಗೆ, ಯಂತ್ರಕ್ಕಲ್ಲ. ಅಷ್ಟು ನನಗೆ ಗೊತ್ತಿತ್ತು. ಹುಡುಕಿದೆ. 'ಚಂದಾ ಕೊಳ್ಳಿ' ಎನ್ನುವ ದೊಡ್ಡ ಗುಂಡಿಯ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, ಈಗಾಗಲೇ ಖಾತೆ ಇದೆಯೇ ಎಂದು ಕೇಳಿತ್ತು. ಒತ್ತಿದರೆ ಪಾಸ್‌ವರ್ಡ್ ಬೇಕಂತೆ.

ನಮ್ಮ ಹಸುವಿನ ಹೆಸರು, ಅದರ ಮುಂದೆ ನಾನು ಮೊದಲ ಸಲ ಅಳೆದ ಹೂಮಳೆಯ ಅಂಕಿ. ಹಾಕಿದೆ, ತಪ್ಪು. ಮತ್ತೆ ಹಾಕಿದೆ, ತಪ್ಪು. ಆಮೇಲೆ ಹೊಳೆಯಿತು. ಈಚೆಗೆ ಕೇಳುವವರೆಲ್ಲ ಮಿಲಿಮೀಟರಿನಲ್ಲೇ ಮಳೆ ಕೇಳುತ್ತಾರೆ, ನಾನೂ ಅಭ್ಯಾಸಬಲದಿಂದ ಅದನ್ನೇ ಒತ್ತುತ್ತಿದ್ದೆ. ಥೂ ನನ್ನ! ಈ ಮನೆಯಲ್ಲಿ ಮಳೆ ಬಿದ್ದದ್ದು ಯಾವತ್ತೂ ಇಂಚು, ಸೆಂಟಿನಲ್ಲಿ. ಒಂದು, ಮೂರು, ಎರಡು ಒತ್ತಿದೆ. ತೆರೆದುಕೊಂಡಿತು. ಈಗ ಪಾಸ್‌ವರ್ಡ್ ಬದಲಾಯಿಸಿದ್ದೇನೆ, ಯಾರೂ ಆಸೆಪಡಬೇಡಿ.

"ಬಂತು ಮಾವ!" ಎಂದು ಕೂಗಿಯೇಬಿಟ್ಟೆ. ಅಂದಿನ ಮಳೆ ಬರೆದು ಟ್ಯಾಬನ್ನು ಅವರ ಮುಂದೆ ಹಿಡಿದೆ. ಗತ್ತು ಇತ್ತು, ಇಲ್ಲವೆನ್ನಲಾರೆ.

"ಬೀಗಕ್ಕೆ ಏನಿಟ್ಟಿದ್ದೆ?"

"ನೀವು ಪುಸ್ತಕ ಕೊಟ್ಟ ದಿನದ ಮಳೆ."

"ಒಂದಿಂಚು ಮೂವತ್ತೆರಡು ಸೆಂಟ್," ಅಂದರು ಮಾವ, ಒಂದಿಷ್ಟೂ ತಡವರಿಸದೆ. "ಅವತ್ತು ನಿನಗಿಂತ ಮುಂಚೆ ನಾನೇ ಕದ್ದು ಅಳ್ದು, ನೀರು ವಾಪಸ್ ಸುರ್ದಿದ್ದೆ ಕಣಮ್ಮ. ನೀನು ಬರ್ದಿದ್ರಲ್ಲಿ ಒಂದ್ ಸೆಂಟೂ ಹೆಚ್ಚುಕಮ್ಮಿ ಇರ್ಲಿಲ್ಲ. ಆಮೇಲೆ ಯಾವತ್ತೂ ನೋಡಕ್ ಹೋಗ್ಲಿಲ್ಲ."

ಮಳೆ ಪುಸ್ತಕವನ್ನು ನನ್ನ ಕೈಗಿಟ್ಟರು. ಜೇಬಿನ ಪೆನ್ನನ್ನೂ ತೆಗೆದು ಕೊಟ್ಟರು.