ಕೊಸರಿನ ತೂಕ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಡೆಗೆ ಮೋಟಾರು ವಾಹನ ನಿರೀಕ್ಷಕಿಯಾಗಿ ಹಾಕಿದರು. ಆಟೊಮೊಬೈಲ್ ಡಿಪ್ಲೊಮಾ ಓದಿ ಇಲಾಖೆ ಸೇರಿದವಳು ನಾನು. ಮದುವೆ ಮನೆಗೆ ಹೋದರೂ ಇವಳ ಕಣ್ಣು ಹೊರಗೆ ನಿಂತ ಗಾಡಿಗಳ ಟೈರಿನ ಮೇಲೇ ಇರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಅದು ಸುಳ್ಳೇನಲ್ಲ.

ಆ ಭಾಗದಲ್ಲಿ ಹೆದ್ದಾರಿಯಲ್ಲಿರುವಂಥ ಕಾಯಂ ತಪಾಸಣಾ ಠಾಣೆ ಇರಲಿಲ್ಲ. ರಸ್ತೆ ಬದಿಯಲ್ಲಿ ಜೀಪು ನಿಲ್ಲಿಸಿಕೊಂಡು ಲಾರಿ ತಡೆಯುವುದು, ಅನುಮಾನ ಬಂದರೆ ಹತ್ತಿರದ ಖಾಸಗಿ ವೇಬ್ರಿಡ್ಜಿಗೆ ಕಳಿಸಿ ತೂಗಿಸುವುದು, ಇಷ್ಟೇ ಕೆಲಸ. ಪ್ರತಿ ಲಾರಿಗೂ ಜಿ.ವಿ.ಡಬ್ಲ್ಯು. ಎಂಬ ಮಿತಿ ಇರುತ್ತದೆ. ಗಾಡಿ ಮತ್ತು ಹೊರೆ ಎರಡೂ ಸೇರಿ ಅದಕ್ಕಿಂತ ಹೆಚ್ಚು ತೂಗಬಾರದು. ಹತ್ತು ಚಕ್ರದ ಲಾರಿಗೆ ಅದು ಇಪ್ಪತ್ತೆಂಟೂವರೆ ಟನ್. ಮಿತಿ ಮೀರಿದರೆ ದಂಡ ಬೀಳುತ್ತದೆ, ಹೆಚ್ಚಿನ ಹೊರೆ ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ಇದರ ಜೊತೆಗೆ ಚಾಲಕನ ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತಾಗುತ್ತದೆ. ಮಾಲೀಕನಿಗೆ ದಂಡ ಒಂದು ಖರ್ಚು, ಚಾಲಕನಿಗೆ ಅಮಾನತು ಎಂದರೆ ಒಲೆ ಆರಿದ ಹಾಗೆ.

ಶುಂಠಿ ಕೀಳುವ ಕಾಲ. ಮಳೆ ಹೋಗಲೊಲ್ಲದೆ ಮಣ್ಣೆಲ್ಲ ಅಂಟಂಟಾಗಿತ್ತು. ಬೆಳಿಗ್ಗೆ ಶಿರಾಳಕೊಪ್ಪದ ಕಡೆಯಿಂದ ಬಂದ ಲಾರಿಯೊಂದನ್ನು ಶಿಕಾರಿಪುರದ ಹೊರಗೆ ನಿಲ್ಲಿಸಿದೆ. ಆನವಟ್ಟಿಯಲ್ಲಿ ಶುಂಠಿ ತುಂಬಿಕೊಂಡು ನಾಗಪುರಕ್ಕೆ ಹೊರಟಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟಾಗಳು ಹೊರೆಗೆ ಬಾಗಿದ್ದು ನೋಡಿಯೇ ನನಗೆ ಗೊತ್ತಾಯಿತು. ಚಾಲಕ ಹಾಲೇಶಪ್ಪ ಶಿಕಾರಿಪುರದ ಪಕ್ಕದ ಹಳ್ಳಿಯವನು, ನಲವತ್ತರ ಆಸುಪಾಸು. ಕಾಗದಪತ್ರ ಎಲ್ಲ ಸರಿಯಾಗಿತ್ತು, ಬ್ರೇಕ್ ಚೆನ್ನಾಗಿತ್ತು, ಹಿಂದೆ ಒಂದು ಕೇಸೂ ಇರಲಿಲ್ಲ. ಅವನು ಕೊಟ್ಟ ಲೋಡಿನ ಚೀಟಿಯಲ್ಲಿ ಮುನ್ನೂರು ಚೀಲ, ಹದಿನೆಂಟು ಟನ್ ಎಂದಿತ್ತು. ಖಾಲಿ ಗಾಡಿ ಹತ್ತು ಟನ್. ಒಟ್ಟು ಇಪ್ಪತ್ತೆಂಟು, ಮಿತಿಯೊಳಗೇ.

ವೇಬ್ರಿಡ್ಜ್ ಮಾತ್ರ ಮೂವತ್ತು ಟನ್ ಮೇಲೆ ನೂರು ಕೆ.ಜಿ. ತೋರಿಸಿತು. ಅಳತೆಯ ಹೆಚ್ಚುಕಮ್ಮಿಗೆಂದು ನಾವು ಬಿಡುವ ರಿಯಾಯಿತಿಯನ್ನೂ ದಾಟಿತ್ತು. ಇನ್ನೊಮ್ಮೆ ತೂಗಿಸಿದೆ, ಅಷ್ಟೇ ಬಂತು. ಚೀಲ ಎಣಿಸಿದರೆ ಸರಿಯಾಗಿ ಮುನ್ನೂರು. ಒಂದನ್ನು ಇಳಿಸಿ ಚಿಕ್ಕ ತಕ್ಕಡಿಗೆ ಹಾಕಿಸಿದಾಗ ಅರವತ್ತೇಳು ಕೆ.ಜಿ. ಇತ್ತು.

“ಚೀಲ ಅಂದ್ರ ಅರವತ್ತು ರೀ ಮೇಡಂ. ಮೇಲಿಂದು ಕೊಸರು” ಎಂದ ಹಾಲೇಶಪ್ಪ.

ಆಗ ನನಗೆ ಆ ಊರಿನ ಪದ್ಧತಿ ಅರ್ಥವಾಯಿತು. ಶುಂಠಿಯ ಚೀಲಕ್ಕೆ ಅರವತ್ತು ಕೆ.ಜಿ. ಎಂದು ಮಾತು. ಮಣ್ಣು ಉದುರುತ್ತದೆ, ಒಂದಿಷ್ಟು ಕೊಳೆಯುತ್ತದೆ ಎಂದು ಅದರ ಮೇಲೆ ರೈತ ಕೊಸರು ಹಾಕಬೇಕು. ಮಳೆಗಾಲ ಬೆಳೆದಷ್ಟೂ ಕೊಸರು ಬೆಳೆಯುತ್ತದೆ. ಅದಕ್ಕೆ ಬೆಲೆ ಇಲ್ಲ, ಚೀಟಿಯಲ್ಲಿ ಜಾಗವಿಲ್ಲ. ಚೀಲ ಎಣಿಸಿ ಅರವತ್ತರಿಂದ ಗುಣಿಸಿದರೆ ಲೋಡಿನ ತೂಕವಾಯಿತು. ತುಂಬಿದ ಲಾರಿಯನ್ನು ವೇಬ್ರಿಡ್ಜಿಗೆ ಹತ್ತಿಸುತ್ತೇನೆ ಎಂದರೆ ಶುಂಠಿ ಕೊಂಡು ಕಳಿಸುವ ಸಾಹುಕಾರರ ಮಾತನ್ನೇ ಅನುಮಾನಿಸಿದಂತೆ, ಅಂಥ ಚಾಲಕನಿಗೆ ಮುಂದಿನ ಲೋಡು ಸಿಗುವುದಿಲ್ಲ.

ಕೇಸು ಬರೆದೆ. ಹೆಚ್ಚಾಗಿದ್ದ ಚೀಲಗಳನ್ನು ಇಳಿಸಿದ ಮೇಲೆ ಮಾಲೀಕ ಬಂದು ದಂಡ ಕಟ್ಟಿ, ಬೇರೆ ಚಾಲಕನನ್ನು ಹತ್ತಿಸಿ ಗಾಡಿ ಕಳಿಸಿದ. ಅಂದು ನಾನು ಮಾಡಿದ್ದು ಸರಿ, ಇಂದಿಗೂ ಸರಿಯೇ. ಅತಿಭಾರದ ಲಾರಿ ಇಳಿಜಾರಿನಲ್ಲಿ ಬ್ರೇಕ್ ಸೋತು ಏನು ಮಾಡುತ್ತದೆ ಎಂಬುದನ್ನು ಹತ್ತಾರು ಪಂಚನಾಮೆಗಳಲ್ಲಿ ನಿಂತು ನೋಡಿದ್ದೇನೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಹೊಣೆ ಎಂದು ಕಾನೂನಿನಲ್ಲೇ ಇದೆ. ಕೊಸರಿನ ವಿಷಯ ಒಬ್ಬರಾದರೂ ಸಹಿ ಹಾಕಿ ಹೇಳಿದರೆ ಸಾಹುಕಾರರ ಮೇಲೂ ಕೇಸು ಹಾಕಬಹುದಿತ್ತು, ಹಾಲೇಶಪ್ಪನ ಲೈಸೆನ್ಸ್ ಉಳಿಸಿ ಎಂದು ಗಟ್ಟಿಯಾಗಿ ಬರೆಯಬಹುದಿತ್ತು.

ಮಾರನೆಯ ದಿನ ಕುಪ್ಪಗಡ್ಡೆಗೆ ಹೋದೆ. ಆ ಲೋಡಿನ ಅರ್ಧದಷ್ಟು ಶುಂಠಿ ಅಲ್ಲಿನ ಕೆರಿಯಪ್ಪ ಎಂಬ ರೈತರ ಹೊಲದ್ದು. ಕಾಫಿ ಕೊಟ್ಟು, ಜಗಲಿಯ ಮೇಲೆ ಕೂರಿಸಿ, ಕೇಳಿದ್ದಕ್ಕೆಲ್ಲ ಸಾವಧಾನವಾಗಿ ಉತ್ತರ ಕೊಟ್ಟರು.

“ನಿಮ್ಮ ಚೀಲ ಎಷ್ಟು ಕೆ.ಜಿ. ಇತ್ತು?”

“ಅರವತ್ತು ಮೇಡಂ.”

“ನಾನೇ ತೂಗಿಸಿದ್ದೀನಿ. ಅರವತ್ತೇಳಿತ್ತು.”

“ಅದು ಕೊಸರು ಸೇರಿ. ಕೊಸರನ್ನ ಯಾರಾದ್ರೂ ತೂಗ್ತಾರ ಮೇಡಂ?” ಎಂದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಹಾಗೆಂದೇ ಬರೆದು ಸಹಿ ಹಾಕಿ ಎಂದಾಗ ಕಾಫಿ ಲೋಟ ಎತ್ತಿಕೊಂಡು ಎದ್ದರು. “ಆ ಡ್ರೈವರ್ ಒಳ್ಳೆಯವ್ನು. ಆದ್ರೆ ನಾಳೆ ನಮ್ಮ ಹೊಲದ ಶುಂಠಿ ಎತ್ತೋರು ಯಾರು ಹೇಳಿ” ಎಂದು ಒಳಗೆ ಹೋದರು. ಉಳಿದ ರೈತರದೂ ಅದೇ ಮಾತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆನವಟ್ಟಿಯ ಸಾಹುಕಾರ ವೀರಣ್ಣ ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದರು. “ನಾನು ತಗಂಡಿದ್ದು ಮುನ್ನೂರು ಚೀಲ, ಕಳ್ಸಿದ್ದು ಮುನ್ನೂರು ಚೀಲ. ರೈತರು ಪ್ರೀತಿಯಿಂದ ಒಂದು ಹಿಡಿ ಜಾಸ್ತಿ ಹಾಕಿದ್ರೆ ಬ್ಯಾಡ ಅನ್ನಕ್ಕಾಗುತ್ತ ಮೇಡಂ? ಗಾಡಿ ಹೊರೆ ಡ್ರೈವರ್ ನೋಡ್ಕಬೇಕು” ಎಂದರು. ಎರಡು ಟನ್ ಪ್ರೀತಿಯನ್ನು ಮುಫತ್ತಾಗಿ ಪಡೆದವರು ಹಾಗೆ ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅವರ ಹೆಸರನ್ನೂ ಸೇರಿಸಿ ವರದಿ ಕಳಿಸಿದೆ. ಸಾಕ್ಷಿ ಹೇಳಿಕೆ ಎಲ್ಲಿ ಎಂಬ ಪ್ರಶ್ನೆಯೊಂದಿಗೆ ಅದು ವಾಪಸ್ ಬಂತು. ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಕಾರ್ಡ್ ಒಪ್ಪಿಸುವಾಗ ಹಾಲೇಶಪ್ಪ ನನ್ನ ಮೇಲೆ ರೇಗಲಿಲ್ಲ. “ಮೂರು ತಿಂಗ್ಳು ಹ್ಯಾಂಗಾರ ಮಾಡಿ ದಾಟ್ತೀನ್ರಿ” ಎಂದಷ್ಟೇ ಹೇಳಿದ.

ಗಡುವು ಕಳೆದು ಇನ್ನೂ ಎಷ್ಟೋ ದಿನವಾದ ಮೇಲೆ ಅವನು ನಮ್ಮ ಕಚೇರಿಗೆ ಬಂದ. ಹೆಂಡತಿ ರಟ್ಟೆ ಹಿಡಿದುಕೊಂಡಿದ್ದಳು. ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತಿದ್ದ, ನಾನೇ ಇಳಿದು ಹೋದೆ. ಸ್ಟಿಯರಿಂಗ್ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದವನು ವೀರಣ್ಣನವರ ಅಂಗಳದಲ್ಲೇ ಹಮಾಲಿಗೆ ಸೇರಿದ್ದನಂತೆ. ಚೀಲ ಹೊತ್ತು ಲಾರಿಗೆ ಹಾಕಿದ ಹಲಗೆ ಹತ್ತುವಾಗ ಕಾಲು ಜಾರಿ, ಚೀಲ ಸೊಂಟದ ಮೇಲೆ ಬಿದ್ದಿತ್ತು. ಡಾಕ್ಟರು ಇನ್ನು ಭಾರದ ಗಾಡಿ ಓಡಿಸಬೇಡ ಎಂದಿದ್ದರು.

“ಕ್ಲಚ್ ಒತ್ತಾಕ ಆಗಂಗಿಲ್ರಿ. ಕಾರ್ಡು ಮನ್ಯಾಗಾರ ಇರ್ಲಿ ಅಂತ ಬಂದೆ” ಎಂದ.

ಕಾರ್ಡ್ ಕೈಗಿಟ್ಟೆ. ಕೇಳದೆ ಇರಲಾಗಲಿಲ್ಲ. ತನ್ನ ಸೊಂಟ ಮುರಿದ ಚೀಲದ ನಿಜವಾದ ತೂಕವನ್ನಾದರೂ ಅವನು ಹೇಳಬಹುದು, ಪರಿಹಾರಕ್ಕೆ ಅರ್ಜಿ ಬರೆಸಬಹುದು ಎಂಬ ಆಸೆ.

“ಆ ಚೀಲ ಎಷ್ಟು ಕೆ.ಜಿ. ಇತ್ತು ಹಾಲೇಶಪ್ಪ?”

ಅವನು ಹೆಂಡತಿಯ ಮುಖ ನೋಡಿದ. ಅವಳ ಉಗುರುಗಳ ಸಂದಿಯಲ್ಲಿ ಕೆಂಪು ಮಣ್ಣಿತ್ತು. ಈಗ ಅವಳು ಅದೇ ಅಂಗಳದಲ್ಲಿ ಶುಂಠಿ ಆರಿಸುತ್ತಿದ್ದಳು.

“ಅರವತ್ತು ರೀ ಮೇಡಂ” ಎಂದ.

ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಯಾವ ಲಾರಿಯನ್ನಾದರೂ ನಾನು ತೂಗಿಸಬಲ್ಲೆ, ಆದರೆ ಅನ್ನ ಕೊಡುವವರ ಎದುರು ಜನ ತಾವಾಗಿ ಮುಚ್ಚಿಕೊಂಡ ಬಾಯನ್ನು ಕಾನೂನಿನ ಯಾವ ಕಲಮೂ ತೆರೆಸಲಾರದು. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದನ್ನೇ. ಇದಕ್ಕಿಂತ ಒಳ್ಳೆಯದನ್ನು ಕಲಿತು ಮನೆಗೆ ಹೋಗಬೇಕೆಂದಿದ್ದೆ.